ಕರಡು

ತರಬೇತಿಯ ಎರಡನೇ ದಿನ, ಮಾಚೇನಹಳ್ಳಿ.
ಯಂತ್ರ ಬರೆದುಕೊಟ್ಟ ನೋಟಿಸು ಪರದೆಯ ಮೇಲೆ:
‘ಮರುಹೊಂದಾಣಿಕೆಯ ಈ ಪಯಣದಲ್ಲಿ
ನಿಮ್ಮ ಕೊಡುಗೆ ಅಮೂಲ್ಯ.’
ಒಂದು ಕಾಗುಣಿತ ತಪ್ಪಿಲ್ಲ.

ಗ್ಲಾಡಿಸ್ ಮೇಡಂ ಕೇಳಿದರು:
‘ಇದನ್ನ ಫೌಂಡ್ರಿಯ ತಿಪ್ಪೇಶಿಗೆ
ಗೇಟಿನ ಹತ್ತಿರ ನಿಂತು, ಮುಖ ನೋಡಿ
ಓದಿ ಹೇಳ್ತೀರಾ?’

ಟೀ ಬಂತು. ಆರಿತು.

ಹನ್ನೊಂದು ವರ್ಷ ನೋಟಿಸು ಬರೆದವನು ನಾನು.
ಆ ಸಾಲನ್ನು ಯಂತ್ರಕ್ಕೆ ಕಲಿಸಿದ್ದು
ನನ್ನಂಥವರೇ ಇರಬೇಕು.

ಅಳಿಸಿದೆ. ಬರೆದೆ:
‘ಒಂದನೇ ತಾರೀಖಿನಿಂದ ರಾತ್ರಿ ಪಾಳಿ ಇಲ್ಲ.
ನಲವತ್ತೆರಡು ಜನರಿಗೆ ಕೆಲಸ ಇಲ್ಲ.
ಹೆಸರು ಆರಿಸಿದ್ದು ಕಂಪ್ಯೂಟರು,
ಒಪ್ಪಿದ್ದು ನಾವು.
ಯಾಕೆಂದು ಕೇಳಬಹುದು.’

ಕೆಳಗೆ ನನ್ನ ಹೆಸರು,
ಫೋನ್ ನಂಬರು.
ಕೊನೆಯ ಅಂಕಿ ಒತ್ತುವಾಗ ಮಾತ್ರ
ಬೆರಳು ತುಸು ಹೊತ್ತು
ನಿಂತೇ ಇತ್ತು.