ಮೊಳೆಯ ಎತ್ತರ

ಬೆಟಗೇರಿಯ ಯಮುನಾಬಾಯಿ ಬಾಕಳೆ
ಸೀರಿ ಅಂಚಿನ ತುಂಡಿನ್ಯಾಗ ಸುತ್ತಿದ
ಒಂದು ಸಿಡಿ ತಂದು ಟೇಬಲ್ಲಿನ ಮ್ಯಾಲೆ ಇಟ್ಟಳು.
ಮಾವ ಬರಸಿದ್ದು, ಮಗ್ಗದ ಮಾತು, ಮುನ್ನೂರ ಹನ್ನೊಂದು.
ಟೈಪ್ ಮಾಡಿದವ ನಾನ,
ತೊಂಬತ್ತೇಳನೇ ಇಸವಿ, ಶ್ರಾವಣದಾಗ.

ಸಿಡಿ ತಕರಾರಿಲ್ಲದ ತೆರೀತು.
ಲಾಳಿ ಇದ್ದಲ್ಲಿ ಒಂದು ಡಾಲರ್ ಗುರುತು,
ಟೊಪ್ಪಿಗಿ ಹಾಕ್ಕೊಂಡ ಇಂಗ್ಲಿಷ್ ಎ, ಅರ್ಧ ಕಂಸ.

ಆ ಕಾಲಕ್ಕ ಅದು ಚಲೋ ಫಾಂಟು. ಖರೇನ ಚಲೋ.
ಒತ್ತಕ್ಷರ ಕೂಡ್ರತಿದ್ದುವು
ಟಿಫಿನ್ ಡಬ್ಬಿ ಒಂದರ ಕೆಳಗೊಂದು ಕೂತಂಗ.
ಹದಿನೆಂಟು ಸಾವಿರ ಕೊಟ್ಟಿದ್ದರು ಮಾಲಕರು.
ಅದರ ಕೂಡ ಒಂದು ಕರೀ ಡಾಂಗಲ್ಲು,
ಯಂತ್ರದ ಬೆನ್ನಿಗೆ ಸಿಗಸೂದು;
ರಾತ್ರಿ ಅದನ್ನ ತಿಜೋರಿಯೊಳಗಿಟ್ಟು ಮನಿಗೆ ಹೋಗವರು.

ಎದುರಿನ ಪ್ರೆಸ್ಸಿನ ದಾವಲಸಾಬನ ಫಾಂಟು ಕುರೂಪಿ.
ಅರ್ಕಾವತ್ತು ಸಾಲು ಬಿಟ್ಟು ಓಡತಿತ್ತು.
ಆದರ ಕೀಲಿ ಇರಲಿಲ್ಲ ಅದಕ್ಕ.
ಕೇಳಿದವರಿಗೆ ಫ್ಲಾಪಿಗೆ ಹಾಕಿ ಕೊಟ್ಟ,
ಕೇಳಲಾರದವರು ಕದ್ದರು.
ರೋಣಕ್ಕ ಹೋತು, ನರಗುಂದಕ್ಕ ಹೋತು,
ಮುಂಡರಗಿಯ ಲಗ್ನಪತ್ರಿಕಿ, ಬಾಂಡ್ ರೈಟರ,
ತಹಸೀಲ್ದಾರ ಕಚೇರಿಯ ನೋಟೀಸು.
ಕಡೀಕ ನಮ್ಮ ಗಿರಾಕಿನ ನಮ್ಮನ್ನ ಕೇಳಿದರು:
ದಾವಲಸಾಬನ ಫಾಂಟಿನ್ಯಾಗ ಮಾಡಿ ಕೊಡತೀರೇನ್ರಿ?
ಮಾಲಕರು ಆ ದಿನ ಊಟಕ್ಕ ಏಳಲಿಲ್ಲ.

ಯುನಿಕೋಡ್ ಬಂತು.
ಕುರೂಪಿಯಿಂದ ಈಚಿ ದಂಡಿಗೆ ಹತ್ತು ಸೇತುವಿ, ಎಲ್ಲಾ ಪುಕ್ಕಟೆ.
ಚಲುವಿಗೆ ಒಂದೂ ಇಲ್ಲ. ಕಂಪನಿ ಮುಚ್ಚೇತಿ.
ಡಾಂಗಲ್ಲು ಇನ್ನೂ ತಿಜೋರ್ಯಾಗ ಐತಿ,
ಅದನ್ನ ಸಿಗಸೂ ತೂತಿನ ಯಂತ್ರ
ಗುಜರಿಯವ ತೂಕಕ್ಕ ಒಯ್ದ.

ಅದಕ್ಕೂ ಮೊದಲ ನಾನು ಮೊಳೆ ಜೋಡಸಾವ.
ಹುಬ್ಬಳ್ಳಿಯ ಮೊಳೆ, ಬೆಳಗಾವಿಯ ಮೊಳೆ,
ಮುಖ ಬ್ಯಾರೆ, ಎತ್ತರ ಒಂದ.
ಆ ಎತ್ತರ ಯಾರು ಗೊತ್ತು ಮಾಡಿದರು?
ಇಪ್ಪತ್ತು ವರ್ಷ ನಾನೂ ಕೇಳಲಿಲ್ಲ.
ಕೂದಲೆಳಿಯಷ್ಟು ಗಿಡ್ಡ ಇದ್ದರ ಶಾಯಿ ಮುಟ್ಟೂದಿಲ್ಲ,
ಎಷ್ಟ ಚಂದ ಇರಲಿ, ಆ ಅಕ್ಷರ ಹಾಳಿಗಿಲ್ಲ.

ಯಮುನಾಬಾಯಿ ನಿಂತ ಇದ್ದಳು.
ಹಳೇ ಪ್ರೂಫು ಏನರ ಐತೇನವ್ವಾ ಮನ್ಯಾಗ?
ಇತ್ತು. ತುಂಬ ಮಾವನ ಕೆಂಪು ಗೀಟು,
ನಲವತ್ತೆರಡು ತಪ್ಪು;
ಒಂದನ್ನೂ ಆಗ ನಾನು ತಿದ್ದಿರಲಿಲ್ಲ. ಲಗ್ನದ ಸೀಜನ್ನು.

ನಾಕು ರಾತ್ರಿ ಕೂತು ಮತ್ತ ಹೊಡದೆ,
ಅಲಂಕಾರ ಇಲ್ಲ, ಚೌಕಟ್ಟಿಲ್ಲ, ಬರೇ ಅಕ್ಷರ.
ನಡುವ ಒಂದು ಮಾತು ಬಂತು: ಅಚ್ಚು.
ಅವರಿಗೆ ಅದು ಎಳಿ ಬಡಿಯೂ ಹಣಿಗಿ.
ಸ್ವಲ್ಪ ಹೊತ್ತು ಕೈ ನಿಂತವು.

ಪೆನ್ ಡ್ರೈವನ್ನ ಆಕಿ ಅದ ತುಂಡಿನ್ಯಾಗ ಸುತ್ತಿಕೊಂಡಳು.
ಇನ್ನೊಂದು ಕಾಪಿ, ಆಕೀನ್ನ ಕೇಳಿ,
ದಾವಲಸಾಬಗ ಕೊಟ್ಟು ಬಂದೆ.
ತಿಜೋರಿ ಇಲ್ಲ ಅವನ ಕಡೆ.