ಕೊಸರು

ಆದೇಶದಲ್ಲಿ ನನ್ನ ಹೆಸರಿನ ಮುಂದೆ ಹೀಗಿತ್ತು:
ಬಿಂದುಶ್ರೀ, ದ್ವಿತೀಯ ಬಿ.ಎ., ಅರ್ಥಶಾಸ್ತ್ರ,
ಬೇಸಿಗೆ ತರಬೇತಿ, ಎರಡು ತಿಂಗಳು,
ಗೌರವಧನ ಮಾಸಿಕ ಆರು ಸಾವಿರ,
ಅಕ್ಷರದಲ್ಲಿ ಆರು ಸಾವಿರ ರೂಪಾಯಿಗಳು ಮಾತ್ರ.
ಆ ‘ಮಾತ್ರ’ವನ್ನು ಅಮ್ಮ ಎರಡು ಸಲ ಓದಿಸಿದಳು.

ಹಾಸನದ ಸಂಖ್ಯಾ ಇಲಾಖೆ ಕಚೇರಿಯಲ್ಲಿ
ನನಗೊಂದು ಕುರ್ಚಿ ಇತ್ತು, ಮೇಜು ಇರಲಿಲ್ಲ.
ಮೇಜು ಯಾಕಮ್ಮ, ಅಂದರು ಜವರಪ್ಪನವರು,
ನಿನ್ನ ಕೆಲಸ ಕಟ್ಟಿನಕೆರೆ ಮಾರ್ಕೆಟ್ಟಲ್ಲಿ.
ವಾರಕ್ಕೆರಡು ದಿನ, ಹನ್ನೊಂದು ಗಂಟೆಗೆ,
ಅದೇ ಅಂಗಡಿ, ಅದೇ ಮಾಲು, ಅದೇ ತೂಕ.
ಬೆಲೆಯೊಂದು ಬದಲಾಗಬಹುದು. ನೀನು ಬದಲಾಗಬಾರದು.

ಕ್ಲಾಸಿನಲ್ಲಿ ಬಾಯಿಪಾಠ ಮಾಡಿದ್ದೂ ಇದನ್ನೇ:
ಇತರ ಅಂಶಗಳು ಸ್ಥಿರವಾಗಿದ್ದಾಗ.

ಪಟ್ಟಿಯ ಒಂಬತ್ತನೇ ಅಂಗಡಿ ಈಗ ಮೊಬೈಲ್ ಕವರಿನದು.
ಸೀಮೆಎಣ್ಣೆಯ ಸಾಲಿನಲ್ಲಿ ನನಗಿಂತ ಮುಂಚಿನವರು
ಬಗೆಬಗೆಯ ಇಂಕಿನಲ್ಲಿ ಅಡ್ಡಗೀಟು ಎಳೆದು ಹೋಗಿದ್ದರು;
ನಾನೂ ಎಳೆದೆ, ನೀಲಿ.
ಆಲೂಗಡ್ಡೆ ನಮ್ಮೂರದ್ದಾ ಆಗ್ರಾದ್ದಾ ಎಂದು
ಫಾರಂ ಕೇಳುವುದಿಲ್ಲ. ಇಲ್ಲಿ ಕೇಳದವರಿಲ್ಲ.
ಬಾಳೆಹಣ್ಣಿನ ಮುದುಕ ನನ್ನ ಪೆನ್ನು ಕಂಡದ್ದೇ
ಟ್ಯಾಕ್ಸಿನವಳೆಂದು ಗೊನೆಗೆ ಟವೆಲ್ ಹೊದಿಸಿದ.
ಮೂರು ವಾರ ಕಳೆದ ಮೇಲೆ ಅವನೇ ಕೂಗಿ ಕರೆದ:
"ನಿಮ್ಮ ಪುಸ್ತಕದಲ್ಲಿ ನಮ್ಮ ಹಣ್ಣು ಏರೀತಾ, ಇಳೀತಾ?"

ಹುರುಳಿಕಾಯಿ ಕುಲ್ಸುಂಬಿಯ ಹತ್ತಿರ.
ಕುಕ್ಕುರುಗಾಲಲ್ಲಿ ಕೂತು, ಗೋಣಿಗೆ ನೀರು ಚಿಮುಕಿಸುತ್ತ:
"ಯಾವ ರೇಟು ಬರ್ಕೋತೀಯವ್ವ?
ನಾನು ಹೇಳೋದಾ, ನೀನು ಕೇಳೋದಾ,
ಇಬ್ರೂ ಸೋತ ಮೇಲೆ ಉಳಿಯೋದಾ?"
ಫಾರಂ ತಿರುಗಿಸಿ ನೋಡಿದೆ.
ಒಂದೇ ಚೌಕ. ಕೇಜಿಗೆ ಎಂಬತ್ತು, ಅಂತ ತುಂಬಿದೆ.
"ಸರಾಸರಿ ಅಂದ್ರೆ ಸಾರಿದ್ದ ಹಾಗೆ," ಜವರಪ್ಪನವರು,
"ಕುದ್ದ ಮೇಲೆ ಹುಳಿ ಯಾವುದು, ಉಪ್ಪು ಯಾವುದು
ಅಂತ ಹುಡುಕಬಾರದು."

ಅವರಿಗೆ ಹೇಳದೆ ಇಟ್ಟುಕೊಂಡ ಸಂಗತಿ ಒಂದಿದೆ.
ನಮ್ಮ ಮನೆಗೆ ತರಕಾರಿ ಬರುವುದು ರಾತ್ರಿ ಎಂಟಕ್ಕೆ,
ಅಮ್ಮ ಪೆಟ್ರೋಲ್ ಬಂಕಿನ ಪಾಳಿ ಮುಗಿಸಿ ಬಂದು
ಕೈಗೆ ಚೀಲ ಕೊಟ್ಟು ನನ್ನನ್ನು ಅಟ್ಟಿದ ಮೇಲೆ.
ಬಾಡಿದ ಸೊಪ್ಪು, ಒಂದು ಮಗ್ಗುಲು ಮೆತ್ತಗಾದ ಟೊಮೇಟೊ,
ಗುಡ್ಡೆಗೆ ಹತ್ತು, ತೂಕವಿಲ್ಲ.
ಇಪ್ಪತ್ತು ವರ್ಷ ನಾವು ಉಂಡ ಬೆಲೆಯನ್ನು
ಯಾರೂ ಬಂದು ಬರೆದುಕೊಂಡಿಲ್ಲ.
ನಾನೂ.

ಆ ಹೊತ್ತಿನಲ್ಲಿ ಮೊದಲ ಸಲ ನನ್ನ ಗುರುತು ಹಿಡಿದಾಗ
ಕುಲ್ಸುಂಬಿ ಬಿದ್ದುಬಿದ್ದು ನಕ್ಕಳು:
"ಬೆಳಗ್ಗೆ ಸರ್ಕಾರ, ರಾತ್ರಿ ಗಿರಾಕಿ!"
ನಾಚಿಕೆಗೆ ಚೌಕಾಸಿ ಮರೆತೇಹೋಯಿತು.
ನನ್ನ ಪರವಾಗಿ ಅವಳೇ ಚೌಕಾಸಿ ಮಾಡಿ,
ಅವಳೇ ಸೋತು,
ಮೇಲೆ ಒಂದು ಹಿಡಿ ಕೊಸರು ಹಾಕಿದಳು.

ಕೊಸರಿಗೆ ಕಾಲಂ ಎಲ್ಲಿದೆ ಸಾರ್, ಎಂದು ಮರುದಿನ ಕೇಳಿದೆ.
ಜವರಪ್ಪನವರು ಕನ್ನಡಕ ತೆಗೆದು ಒರೆಸಿದರು, ಹಾಕಿದರು,
ಮತ್ತೆ ತೆಗೆದರು.
"ಷರಾದಲ್ಲಿ ಬರಿ. ಯಾರೂ ಓದಲ್ಲ. ಆದ್ರೂ ಬರಿ."

ಗೌರವಧನದ ಬಿಲ್ಲು ಖಜಾನೆಯಿಂದ ವಾಪಸು ಬಂತು.
ಆಕ್ಷೇಪಣೆ: ಲೆಕ್ಕಶೀರ್ಷಿಕೆ ಸರಿಯಿಲ್ಲ.
ಸರಿಮಾಡಿ ಕಳಿಸಿದರು. ಮತ್ತೆ ಬಂತು: ಸಹಿ ಅಸ್ಪಷ್ಟ.
ಕಾಲೇಜು ಶುರುವಾಗಿ, ಒಂದು ಟೆಸ್ಟೂ ಮುಗಿದು,
ಬೇಸಿಗೆಯ ದುಡ್ಡು ಆಗಸ್ಟ್ ಹತ್ತೊಂಬತ್ತಕ್ಕೆ
ಫೋನಿನಲ್ಲಿ ಕಿಣಿಕ್ ಅಂತು.
ಅಷ್ಟರಲ್ಲಿ ಹುರುಳಿಕಾಯಿ ನೂರಾಹತ್ತು.

ಒಂದು ಪಿರಿಯಡ್ ತಪ್ಪಿಸಿ ಹನ್ನೊಂದಕ್ಕೆ ಹೋದೆ,
ಪುಸ್ತಕವಿಲ್ಲ, ಪೆನ್ನಿಲ್ಲ.
ಅರ್ಧ ಕೇಜಿ, ಅವಳು ಹೇಳಿದ ಬೆಲೆಗೇ,
ನೋಟು ಮುಂಚೆಯೇ ಚಾಚಿಕೊಂಡು ನಿಂತೆ.
ಕುಲ್ಸುಂಬಿಗೆ ಇದು ಹಿಡಿಸಲಿಲ್ಲ.
"ಯಾಕವ್ವ, ಮೈ ಹುಷಾರಿಲ್ವಾ?" ಅಂದಳು.
ದುಡ್ಡು ಮುಟ್ಟಲಿಲ್ಲ.
ತಕ್ಕಡಿಯನ್ನು ಹಾಗೇ ಎತ್ತಿ ಹಿಡಿದು
ನಾನು ಏನಾದರೂ ಕೇಳಲಿ ಎಂದು
ಕಾಯುತ್ತ ಕೂತಳು.