ಚಕ್ಕುಬಂದಿ

ಸೋಮವಾರ ಹನ್ನೊಂದಕ್ಕೆ ಒಬ್ಬರು ಬಂದು ಕೇಳಿದರು:
"ನಕ್ಷೇಲಿ ಈ ಚುಕ್ಕಿ ಏನಮ್ಮ? ನನ್ನ ಹೊಲದಲ್ಲಿ ಬಾವಿ ಇಲ್ವಲ್ಲ."
ನೋಡಿದೆ. ಬೆಳಗಿನಿಂದ ತೆಗೆದ ಪ್ರತಿಯೊಂದು ಜೆರಾಕ್ಸಿನಲ್ಲೂ
ಪಡುವಣ ಅಂಚಿಗೆ ಸಾಸಿವೆಯಷ್ಟು ಕಪ್ಪು.
ಮುಚ್ಚಳ ಎತ್ತಿ ಗಾಜಿನ ಮೇಲೆ ಬೆರಳಾಡಿಸಿದೆ.
ಮರಳು. ಒಂದೇ ಒಂದು ಕಾಳು.

ನಿನ್ನೆ ಈ ಹೊತ್ತಿಗೆ ನಾನೂ ರಾಜಮಣಿಯೂ
ಉಳ್ಳಾಲದ ಕಲ್ಲುಗೋಡೆಯ ಮೇಲೆ ಕೂತಿದ್ದೆವು.

ರಾಜಮಣಿ ಅಂದರೆ ನಮ್ಮ ತಾಲ್ಲೂಕು ಕಚೇರಿ ಎದುರು
ಹುಣಸೆಮರದಡಿಯ ಟೈಪ್ ಮಿಷನ್ನಿನವಳು.
ಇಪ್ಪತ್ತಾರು ವರ್ಷದಿಂದ ಹಾಸನದ ಕ್ರಯಪತ್ರ, ವಿಭಾಗಪತ್ರ,
ಅಣ್ಣತಮ್ಮಂದಿರು ಮಾತು ಬಿಟ್ಟ ಕಾಗದವೆಲ್ಲ
ಅವಳ ಹತ್ತು ಬೆರಳಲ್ಲಿ ಹಾದುಹೋಗಿವೆ.
ಈಗ ನಿದ್ದೆಯಲ್ಲೂ ಬೆರಳು ನಿಲ್ಲುವುದಿಲ್ಲ.
ಮಗ್ಗುಲಲ್ಲಿ ಮಲಗಿದ ತಂಗಿಯ ಬೆನ್ನ ಮೇಲೆ
ರಾತ್ರಿಯಿಡೀ ಸದರಿ ಸ್ವತ್ತು, ಸದರಿ ಸ್ವತ್ತು.
ಡಾಕ್ಟರು ಮುಲಾಮು ಬರೆದುಕೊಟ್ಟು
ಒಂದಿನ ಎಲ್ಲಾದರೂ ಹೋಗಿಬನ್ನಿ ಅಂದರಂತೆ.
"ಎಲ್ಲಾದರೂ ಅನ್ನೋ ಊರಿಗೆ ಬಸ್ಸು ಎಷ್ಟೊತ್ತಿಗೇ?"
ಬಂದು ನನ್ನ ಕೇಳಿದಳು.

ಐದು ಗಂಟೆಯ ಮಂಗಳೂರು ಬಸ್ಸು. ಸೊನ್ನೆ ರೂಪಾಯಿ ಟಿಕೆಟ್ಟು.
"ಜೆರಾಕ್ಸ್ ನಡೆಯಲ್ಲ, ಒರಿಜಿನಲ್ ತೋರ್ಸಿ" ಅಂದ ಕಂಡಕ್ಟರು,
ನನಗೆ!
ಸಕಲೇಶಪುರ ಕತ್ತಲಲ್ಲೇ ಹೋಯಿತು.
ಶಿರಾಡಿಯಲ್ಲಿ ರಸ್ತೆ ಎಂದಿನಂತೆ ರಿಪೇರಿ.
ಗುಂಡ್ಯ ದಾಟುತ್ತಲೇ ಸ್ವೆಟರು ಕಳಚಿದೆವು.
ಇವಳ ಬೆರಳು ಮಾತ್ರ ತೊಡೆಯ ಮೇಲೆ ಟಕಟಕ,
ಸಾಲು ಮುಗಿದಾಗೊಮ್ಮೆ ಎಡಗೈ ಗಾಳಿಯಲ್ಲಿ ಸರಿದು
ಇಲ್ಲದ ಕಾಗದವನ್ನು ಬಲಕ್ಕೆ ತಳ್ಳುವುದು.

ಕಡಲ ಮುಂದೆ ಬಹಳ ಹೊತ್ತು ಸುಮ್ಮನಿದ್ದಳು,
ಚಪ್ಪಲಿ ಕೈಲಿ ಹಿಡಿದು, ಕಚೇರಿ ಬಾಗಿಲಲ್ಲಿ ಕಾಯುವವರ ಹಾಗೆ.
ಆಮೇಲೆ: "ಎಲ್ಲ ಸರಿ, ಇದಕ್ಕೆ ಚಕ್ಕುಬಂದಿ ಹೆಂಗೆ ಹಾಕೋದೇ?"
ಹಾಕು ನೋಡುವ ಅಂದೆ.
ನೀರಿಗಿಳಿದು ಕಣ್ಣುಮುಚ್ಚಿ ಒಪ್ಪಿಸತೊಡಗಿದಳು:

ಪೂರ್ವಕ್ಕೆ, ಐಸ್‌ಕ್ರೀಂ ಗಾಡಿ ಹಾಗೂ ಸರ್ಕಾರಿ ರಸ್ತೆ.
ಉತ್ತರಕ್ಕೆ, ಹೊಳೆ ಬಂದು ಸೇರುವ ಅಳಿವೆ.
ದಕ್ಷಿಣಕ್ಕೆ, ಕಲ್ಲುಬಂಡೆ, ಬಂಡೆಯಾಚೆ ಕೇರಳದವರ ಬಾಬ್ತು.
ಪಶ್ಚಿಮಕ್ಕೆ

ಪಶ್ಚಿಮಕ್ಕೆ ಅಂದವಳು ಅಲ್ಲೇ ನಿಂತಳು.
ಅಲೆ ಬಂತು, ಮೊಣಕಾಲ ತನಕ ಸೀರೆ ತೊಯ್ಯಿಸಿ ಹೋಯಿತು.
ಇನ್ನೊಂದು ಬಂತು.
ಆಗ ಕಂಡೆ: ಎರಡೂ ಕೈ ಜೋತುಬಿದ್ದಿವೆ, ಹಿಂಡದ ಬಟ್ಟೆಯಂತೆ,
ಒಂದು ಬೆರಳೂ ಮಿಸುಕುತ್ತಿಲ್ಲ.
ಕೂಸು ಮಲಗಿದ ಮನೆಯಲ್ಲಿ ಹೆಜ್ಜೆಯಿಡುವಂತೆ
ನಾನು ಮೆಲ್ಲಗೆ ಹಿಂದೆ ಸರಿದೆ.

ನಾನೋ, ಅಲೆ ಎಣಿಸುತ್ತಿದ್ದೆ. ಕಸುಬಿನ ಚಟ, ಪ್ರತಿಗೆ ಎರಡು ರೂಪಾಯಿಯಂತೆ.
ಒಂದರಂತೆ ಇನ್ನೊಂದಿಲ್ಲ ಎಂದು ಬರೆದರೆ ಚೆಂದ.
ನಿಜ ಹೇಳುತ್ತೇನೆ, ನನಗೆ ಎಲ್ಲವೂ ಒಂದೇ ಥರ ಕಂಡವು,
ಯಾರೂ ಕಾಸು ಕೊಡದೆ, ಯಾರೂ ಸಹಿ ಹಾಕದೆ.
ಮುನ್ನೂರರ ಹತ್ತಿರ ಲೆಕ್ಕ ತಪ್ಪಿತು.

ರಾಗಿರೊಟ್ಟಿಗೆ ಹುಚ್ಚೆಳ್ಳು ಚಟ್ನಿ, ಚಟ್ನಿಗೆ ಮರಳು.
ಬಲೆ ಹೆಣೆಯುತ್ತಿದ್ದ ಮುದುಕನಿಗೂ ಒಂದು ತುಂಡು.
ಅವನು ತುಳುವಿನಲ್ಲೇನೋ ಕೇಳಿದ,
ನಾವು ಹಾಸನದಲ್ಲೇನೋ ಹೇಳಿದೆವು.
ಅವನ ಬೆರಳು ಗಂಟಿಂದ ಗಂಟಿಗೆ ಹೋಗುವುದನ್ನೇ
ರಾಜಮಣಿ ನೋಡುತ್ತಿದ್ದಳು, ತನ್ನವನ್ನು ಸೆರಗಲ್ಲಿ ಸುತ್ತಿಟ್ಟು.

ವಾಪಸು ಬರುವಾಗ ನನ್ನ ಹೆಗಲಿಗೊರಗಿ ನಿದ್ದೆ.
ಘಾಟಿಯಲ್ಲಿ ಸುಮ್ಮನಿತ್ತು ಕೈ, ಸಕಲೇಶಪುರದಲ್ಲೂ.
ಬಾಳ್ಳುಪೇಟೆಯ ಹಂಪಿನಲ್ಲಿ ಕಿರುಬೆರಳೊಂದು ಅದುರಿತು.
ಹಾಸನದ ದೀಪ ಕಾಣುವಷ್ಟರಲ್ಲಿ ಮೂರೋ ನಾಲ್ಕೋ.
ಎಬ್ಬಿಸಲಿಲ್ಲ.

ಈಗ ಹುಣಸೆಮರದಡಿಯಿಂದ ಅದೇ ಟಕಟಕ.
ಮಧ್ಯೆ ಒಮ್ಮೊಮ್ಮೆ ನಿಲ್ಲುತ್ತದೆ.
ಕಕ್ಷಿದಾರ ಕೆಮ್ಮುತ್ತಾನೆ. ಮತ್ತೆ ಶುರುವಾಗುತ್ತದೆ.

ಬಾವಿ ಇಲ್ಲದವರಿಗೆ ಬೇರೆ ಪ್ರತಿ ತೆಗೆದುಕೊಟ್ಟೆ, ದುಡ್ಡಿಲ್ಲದೆ.
ಕಾಳು ಅಂಗೈಯಲ್ಲೇ ಇತ್ತು. ಎಲ್ಲಿಡುವುದು?
ಗಲ್ಲಾಪೆಟ್ಟಿಗೆಯ ಎಂಟಾಣೆಯ ಗುಳಿಯಲ್ಲಿ ಹಾಕಿದೆ.
ಎಂಟಾಣೆ ನಿಂತು ವರ್ಷಗಳಾದವು,
ಆ ಗುಳಿ ಹೇಗೂ ಖಾಲಿಯಿತ್ತು.